ನಾಯಿ ಕಾಯುವವರಿಗೆ ಕೊಡುವುದೆಷ್ಟು?

ಈ ವಾರ ಎರಡು ಕಾಗದಗಳಿಗೆ ಒಟ್ಟಿಗೆ ಉತ್ತರ ಬರೆಯಬೇಕಾಗಿದೆ. ಮೊದಲನೆಯದು ನಂಜನಗೂಡಿನ ಸೋದರಿಯೊಬ್ಬರದು. ಅವರೂ ಅವರ ಯಜಮಾನರೂ ಹದಿನೆಂಟು ದಿನಗಳ ಮಟ್ಟಿಗೆ ಪುಣೆಯಲ್ಲಿರುವ ಮಗಳ ಮನೆಗೆ ಹೋಗತಕ್ಕವರು. ಮನೆಯಲ್ಲಿ ಎರಡು ನಾಯಿಗಳಿವೆ. ಪಾತ್ರೆ ತೊಳೆಯುವಾಕೆಯ ಗಂಡ ರಾತ್ರಿ ಬಂದು ಮಲಗುವುದಕ್ಕೂ ಎರಡು ಹೊತ್ತು ನಾಯಿಗಳನ್ನು ನೋಡಿಕೊಳ್ಳುವುದಕ್ಕೂ ಒಪ್ಪಿದ್ದಾನೆ. “ಎಷ್ಟು ಕೊಡಲಪ್ಪ ಎಂದು ಕೇಳಿದರೆ ‘ನೀವೇ ತಿಳಿದು ಕೊಡಿ, ಅಮ್ಮಾ’ ಎನ್ನುತ್ತಾನೆ. ತಿಳಿದು ಕೊಡುವುದು ಹೇಗೆಂಬುದೇ ನನಗೆ ತಿಳಿಯದಾಗಿದೆ” ಎಂದು ಆಕೆ ಬರೆದಿದ್ದಾರೆ.

ಎರಡನೆಯ ಕಾಗದ ತಿರುಮಕೂಡಲು ನರಸೀಪುರದಿಂದ ಬಂದದ್ದು. ಬರೆದವರು ನಿವೃತ್ತ ಉಪಾಧ್ಯಾಯರು. ಊರ ಹೊರಗೆ ತೋಟದ ನಡುವೆ ಮನೆ ಕಟ್ಟಿಕೊಂಡಿದ್ದಾರೆ. ಹನ್ನೆರಡು ದಿನಗಳ ಕಾಶೀಯಾತ್ರೆ. ಮನೆಯಲ್ಲಿ ಮೂರು ನಾಯಿಗಳು. ಅವುಗಳಲ್ಲೊಂದಕ್ಕೆ ಹದಿಮೂರು ವರ್ಷ. “ಒಂದು ನಾಯಿಗೆ ದಿನಕ್ಕೆ ನೂರು ರೂಪಾಯಿಯಂತೆ ಮೂರಕ್ಕೆ ಮುನ್ನೂರು. ಇಷ್ಟು ಧಾರಾಳವಾಯಿತಲ್ಲವೆ?” ಎಂಬುದು ಅವರ ಪ್ರಶ್ನೆ.

ಮೇಷ್ಟರ ಗುಣಾಕಾರದಲ್ಲಿ ದೋಷವಿಲ್ಲ. ಆದರೆ ಅವರು ಗುಣಿಸಿದ್ದು ನಾಯಿಗಳನ್ನು, ಗುಣಿಸಬೇಕಾದದ್ದು ರಾತ್ರಿಗಳನ್ನು. ಮೈಸೂರಿನಂಥ ನಗರಗಳಲ್ಲಿ ನಾಯಿಗಳನ್ನು ತಮ್ಮಲ್ಲಿಯೇ ಇರಿಸಿಕೊಂಡು ನೋಡಿಕೊಳ್ಳುವವರು ತಲೆಗಿಷ್ಟೆಂದು ದರ ಹೇಳುತ್ತಾರೆ, ನಿಜ. ಅವರಿಗೆ ಹತ್ತು ಮನೆಗಳ ನಾಯಿಗಳು ಬರುತ್ತವೆ, ಒಂದೇ ಆಳು ಹತ್ತನ್ನೂ ನೋಡುತ್ತಾನೆ, ಆದುದರಿಂದ ಆ ಲೆಕ್ಕ ಅಲ್ಲಿಗೆ ಸರಿ. ನಿಮ್ಮ ಮನೆಗೆ ಬಂದು ಇರುವವನ ಸಂಗತಿ ಬೇರೆ. ನಾಯಿ ಒಂದಿರಲಿ ಮೂರಿರಲಿ, ಆತ ತನ್ನ ಹೆಂಡತಿ ಮಕ್ಕಳನ್ನು ಬಿಟ್ಟು ನಿಮ್ಮ ಮನೆಯಲ್ಲಿ ಮಲಗಲೇಬೇಕು. ಅವನ ಮಗುವಿಗೆ ನಡುರಾತ್ರಿ ಜ್ವರ ಬಂದರೆ ಆ ರಾತ್ರಿ ಅವನು ಅಲ್ಲಿರುವುದಿಲ್ಲ. ನೀವು ಕೊಳ್ಳುತ್ತಿರುವುದು ಆ ಗೈರುಹಾಜರಿಯನ್ನು. ನಾಯಿಗೆ ಅನ್ನ ಹಾಕುವುದು ಅದರ ಜತೆಗಿನ ಸಣ್ಣ ಕೆಲಸ.

“ಮಲಗಿದ್ದಕ್ಕೂ ಸಂಬಳವೆ?” ಎಂದು ಕೇಳುವವರಿದ್ದಾರೆ. ಪುಣೆಯಲ್ಲಿ ನೀವು ನಿಶ್ಚಿಂತೆಯಿಂದ ನಿದ್ರಿಸುವುದು ನಂಜನಗೂಡಿನಲ್ಲಿ ಅವನು ಅರೆನಿದ್ರೆಯಲ್ಲಿರುವ ಕಾರಣದಿಂದ. ಬೊಗಳಿದಾಗಲೆಲ್ಲ ಏಳುವವನು ಅವನು.

ಈಗ ಅಂಕಿಗಳಿಗೆ ಬರೋಣ. 2025–26ರ ಸಾಲಿಗೆ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ವಿಶೇಷ ಪರಿಣತಿಯಿಲ್ಲದೆ ಮಣ್ಣು ಅಗೆಯುವ ಕೆಲಸಕ್ಕೆ ಇದು ಸಲ್ಲುತ್ತಿತ್ತು. ಮನೆಗೆಲಸದವರನ್ನು ಕನಿಷ್ಠ ವೇತನದ ಪಟ್ಟಿಗೆ ನಮ್ಮ ರಾಜ್ಯ 2004ರಲ್ಲಿಯೇ ಸೇರಿಸಿತೆಂಬುದನ್ನೂ ಮರೆಯಬಾರದು. ನಾನು ಆ 370ನ್ನು ಅಳತೆಗೋಲಾಗಿ ಹಿಡಿದಿದ್ದೇನೆ. ಇದಕ್ಕಿಂತ ಕೆಳಗಿಳಿಯುವುದು ಗೃಹಸ್ಥರಿಗೆ ಶೋಭಿಸದು. ಒಂದು ರಾತ್ರಿಗೆ ಒಂದು ಪೂರ್ಣ ದಿನಗೂಲಿ: 370. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನಾಯಿಗಳನ್ನು ಅಡ್ಡಾಡಿಸಿ, ಅನ್ನ ನೀರು ಇಟ್ಟು, ಅಂಗಳ ತೊಳೆಯುವುದಕ್ಕೆ ಅರ್ಧ ದಿನಗೂಲಿ: 185. ಒಟ್ಟು 555. ಚಿಲ್ಲರೆಯ ಚೌಕಾಸಿ ಬೇಡ, 600 ಎಂದಿರಲಿ. ನಂಜನಗೂಡಿನ ಸೋದರಿಗೆ ಹದಿನೆಂಟು ದಿನಕ್ಕೆ 10,800 ರೂಪಾಯಿ ಆಗುತ್ತದೆ. ಇದು, ಹಗಲು ಹೊತ್ತು ಆತ ತನ್ನ ಎಂದಿನ ಕೆಲಸಕ್ಕೆ ಹೋಗಿಬರಬಹುದೆಂಬ ಕರಾರಿನ ಮೇಲೆ. ಹಗಲೂ ಮನೆ ಬಿಟ್ಟು ಕದಲಕೂಡದೆಂದರೆ ಮತ್ತೊಂದು ದಿನಗೂಲಿಯನ್ನು ಸೇರಿಸತಕ್ಕದ್ದು.

ಮೊತ್ತ ದೊಡ್ಡದೆನಿಸುವುದು ಸಹಜ. ಪುಣೆಗೆ ಹೋಗಿಬರುವ ಇಬ್ಬರ ಪ್ರಯಾಣದ ಖರ್ಚನ್ನು ಅದರ ಪಕ್ಕದಲ್ಲಿ ಬರೆದು ನೋಡಿದರೆ ಅಷ್ಟು ದೊಡ್ಡದೆನಿಸದು. ಯಾತ್ರೆಯ ಲೆಕ್ಕದಲ್ಲಿ ಇದೂ ಒಂದು ಟಿಕೇಟು.

ಇನ್ನು “ನೀವೇ ತಿಳಿದು ಕೊಡಿ” ಎಂಬ ಮಾತು. ನಮ್ಮ ಸೀಮೆಯಲ್ಲಿ ಇದು ವಿನಯದ ಮಾತೆಂದು ಎಲ್ಲರೂ ಭಾವಿಸುತ್ತಾರೆ. ವಿನಯವೂ ಇದೆ, ಅದರ ಹಿಂದೆ ಭಯವೂ ಇದೆ. ಹೆಚ್ಚು ಕೇಳಿದರೆ ಹೆಂಡತಿಯ ಪಾತ್ರೆ ತೊಳೆಯುವ ಕೆಲಸಕ್ಕೇ ಸಂಚಕಾರ ಬಂದೀತೆಂದು ಆತ ಬಾಯಿ ಬಿಡುವುದಿಲ್ಲ. ಆದುದರಿಂದ ಬೆಲೆ ಹೇಳುವ ಹೊಣೆ ನಿಮ್ಮದೇ. ಹೊರಡುವುದಕ್ಕೆ ವಾರ ಮೊದಲೇ, ಗಂಡಹೆಂಡಿರಿಬ್ಬರನ್ನೂ ಕೂರಿಸಿ, ದಿನಕ್ಕೆ ಇಷ್ಟು, ಒಟ್ಟು ಇಷ್ಟು ಎಂದು ಹೇಳಿಬಿಡಿ. ಮೂರರಲ್ಲೊಂದು ಪಾಲು, ಅಂದರೆ 3,600, ಮುಂಗಡವಾಗಿ ಕೊಡಿ. ಉಳಿದದ್ದನ್ನು ಬಂದ ದಿನವೇ ಕೊಡಿ. “ದಣಿವಾಗಿದೆ, ನಾಳೆ ಬಾ” ಎನ್ನಬೇಡಿ. ಎರಡು ದಿನ ಮುಂಚೆ ಹಿಂದಿರುಗಿದರೆ ಸಂಬಳ ಕಡಿಯಬಾರದು, ಎರಡು ದಿನ ತಡವಾದರೆ ಸೇರಿಸಿ ಕೊಡಬೇಕು. ನಾಯಿಯ ಔಷಧಿ, ಆಟೋ ಬಾಡಿಗೆ, ಹಾಲು ಇವುಗಳಿಗೆಂದು ಮತ್ತೊಂದು ಲಕೋಟೆಯಲ್ಲಿ ಎರಡು ಮೂರು ಸಾವಿರ ಪ್ರತ್ಯೇಕವಾಗಿರಲಿ. ಎರಡು ಹಣವನ್ನೂ ಬೆರೆಸಿದರೆ ಬಡವನು ತನ್ನ ಸಂಬಳವನ್ನೇ ನಿಮ್ಮ ನಾಯಿಯ ಮದ್ದಿಗೆ ಹಾಕಿ, ಕೇಳಲು ಸಂಕೋಚಪಟ್ಟು ಸುಮ್ಮನಾಗುತ್ತಾನೆ.

ನಾಯಿಯ ಸೇವೆಗೆ ಪ್ರತಿಫಲ ಗೊತ್ತುಮಾಡುವುದು ಕನ್ನಡನಾಡಿಗೆ ಹೊಸದೇನಲ್ಲ. ನರಸೀಪುರಕ್ಕೆ ನೆರೆಯ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ದೊರೆತ ಕ್ರಿ.ಶ. 949–50ರ ಶಾಸನದ ಕಥೆ ವಾಚಕರಲ್ಲಿ ಹಲವರಿಗೆ ಗೊತ್ತಿದ್ದೀತು. ಗಂಗರ ಬೂತುಗನ ಕಡೆಯ ವೀರ ಮಣಲೆರನು ಚೋಳರೊಡನೆ ನಡೆದ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ. ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಆತ ಊರನ್ನೂ ಬೇಡಲಿಲ್ಲ, ಹೊನ್ನನ್ನೂ ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ಕಾಳಿ ಒಂದು ಕಾಡುಹಂದಿಯೊಡನೆ ಹೋರಾಡಿತು. ಎರಡೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ನಮ್ಮ ಪ್ರಸ್ತುತ ವಿಷಯಕ್ಕೆ ಬೇಕಾದ ಭಾಗ ಮುಂದಿನದು. ಆ ಕಲ್ಲನ್ನು ಪೂಜಿಸುವ ಗೊರವನಿಗೆ ಭೂಮಿಯನ್ನು ಬಿಟ್ಟುಕೊಟ್ಟು, ಕಲ್ಲಿಗೆ ಪೂಜೆ ಮಾಡದೆ ಆತ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಬರೆಸಿದರು. ಸಂಬಳವೂ ಗೊತ್ತು, ಕೆಲಸವೂ ಗೊತ್ತು, ಯಾವುದು ಮೊದಲೆಂಬುದೂ ಗೊತ್ತು. “ನೀವೇ ತಿಳಿದು ಕೊಡಿ” ಎಂಬ ಗೊಂದಲ ಅಲ್ಲಿಲ್ಲ. ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕರೆದೊಯ್ದು ತೋರಿಸಬಹುದು.

ಉಣ್ಣುವ ಮಾತು ಬಂದದ್ದರಿಂದ ಒಂದು ನಿಷ್ಠುರದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮನೆಯನ್ನೂ ನಾಯಿಗಳನ್ನೂ ಒಬ್ಬನ ಕೈಗೆ ಒಪ್ಪಿಸಿ, ಅಡಿಗೆಮನೆಗೆ ಮಾತ್ರ ಬೀಗ ಜಡಿದು, ಅವನಿಗೆ ಜಗಲಿಯ ಮೇಲೆ ಚಾಪೆ ಹಾಸಿ ಹೊರಡುವ ಕುಟುಂಬಗಳುಂಟು. ನಾಯಿ ಸೋಫಾದ ಮೇಲೆ, ನಾಯಿ ಕಾಯುವವನು ಹೊರಗೆ. ಹೀಗೆ ಮಾಡುವವರು ಆರುನೂರಲ್ಲ, ಸಾವಿರ ಕೊಟ್ಟರೂ ಒಳ್ಳೆಯ ಮನುಷ್ಯ ಎರಡನೆಯ ಸಲ ಬರಲಾರ. ಅವನಿಗೊಂದು ಕೋಣೆ, ಹಾಸಿಗೆ, ಫ್ಯಾನು, ಬಚ್ಚಲು, ಒಲೆ ಇಷ್ಟನ್ನು ತೆರೆದಿಟ್ಟು ಹೋಗಬೇಕು. ಅಕ್ಕಿ, ರಾಗಿಹಿಟ್ಟು, ಬೇಳೆ, ಎಣ್ಣೆ ಮನೆಯಲ್ಲಿರಲಿ. ಅದನ್ನು ಸಂಬಳದಲ್ಲಿ ಹಿಡಿಯಬೇಡಿ. ತಾನು ಮಾಡಿಕೊಂಡ ಹುಳಿಯನ್ನೇ ಪ್ರೀತಿಯಿಂದ ನಾಯಿಗೂ ಹಾಕಿಬಿಟ್ಟಾನು, ಅದಕ್ಕೆ ಮಾತ್ರ ಮೊದಲೇ ಎಚ್ಚರಿಸಿ: ಈರುಳ್ಳಿ ನಾಯಿಗೆ ವಿಷಸಮಾನ, ದ್ರಾಕ್ಷಿಯೂ ಚಾಕೊಲೇಟೂ ಹಾಗೆಯೇ.

ನರಸೀಪುರದ ಮೇಷ್ಟರಿಗೆ ಬೇರೆಯಾಗಿ ಬರೆಯಲು ಬಲವಾದ ಕಾರಣವಿದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಆ ತಾಲ್ಲೂಕಿನಲ್ಲಿ ಚಿರತೆಯ ಬಾಯಿಗೆ ನಾಲ್ವರು ತುತ್ತಾದರು. ಅವರಲ್ಲಿ ಶಾಲೆಗೆ ಹೋಗುವ ಬಾಲಕನೂ ಇದ್ದ, ಕಾಲೇಜಿನ ವಿದ್ಯಾರ್ಥಿಗಳೂ ಇದ್ದರು. ಕಬ್ಬಿನ ಗದ್ದೆಯಲ್ಲಿ ಅಡಗಿರುವ ಚಿರತೆಗೆ ಊರಂಚಿನ ಮನೆಯ ನಾಯಿ ಸುಲಭದ ಆಹಾರ. ಕತ್ತಲೆಯಲ್ಲಿ ಹೊರಗೆ ಸರಪಳಿಯಲ್ಲಿ ಕಟ್ಟಿದ ನಾಯಿ ಓಡಲೂ ಆರದು. ಅದು ಚಿರತೆಗೆ ಕೊಟ್ಟ ಆಮಂತ್ರಣವೇ ಸರಿ. ನಾಯಿ ಕಿರುಚಿಕೊಂಡಾಗ ಬರಿಗೈಯಲ್ಲಿ ಬಾಗಿಲು ತೆರೆದು ಹೊರಗೆ ಬರುವವನು ಯಾರು? ಮೇಷ್ಟರು ಮುನ್ನೂರು ರೂಪಾಯಿಗೆ ಗೊತ್ತುಮಾಡಬೇಕೆಂದಿರುವ ಆ ಮನುಷ್ಯ.

ಆದುದರಿಂದ ತೋಟದ ಮನೆಗೆ ರಾತ್ರಿಯ ಲೆಕ್ಕ ಒಂದೂವರೆ ಪಟ್ಟು, 555; ಕೆಲಸಕ್ಕೆ 185; ಮುದಿ ನಾಯಿಗೆ ಎರಡು ಹೊತ್ತು ಮಾತ್ರೆ ನುಂಗಿಸುವ ತೊಂದರೆಗೆ 60; ಒಟ್ಟು ದಿನಕ್ಕೆ 800. ಹನ್ನೆರಡು ದಿನಕ್ಕೆ 9,600. ಆದರೆ ಹೆಚ್ಚು ಹಣ ಕೊಟ್ಟೆನೆಂದು ಮೇಷ್ಟರು ನೆಮ್ಮದಿಯಿಂದ ಗಂಗಾಸ್ನಾನ ಮಾಡುವಂತಿಲ್ಲ. ಯಾತ್ರೆಗೆ ಮುನ್ನ ಒಂದು ಕೋಣೆಗೆ ಗಟ್ಟಿ ಕದವನ್ನೂ ಕಿಟಕಿಗೆ ಸರಳುಗಳನ್ನೂ ಹಾಕಿಸಿ, ಸೂರ್ಯಾಸ್ತದ ಹೊತ್ತಿಗೆ ಮೂರು ನಾಯಿಗಳನ್ನೂ ಒಳಗೆ ಸೇರಿಸತಕ್ಕದ್ದೆಂದು ಕಟ್ಟಪ್ಪಣೆ ಮಾಡಬೇಕು. ಅಂಗಳದಲ್ಲಿ ದೀಪ ಉರಿಯಲಿ. ಹೊರಗೆ ಏನೇ ಸದ್ದಾದರೂ ಬಾಗಿಲು ತೆರೆಯಬೇಡ, ತೋಟದಲ್ಲಿ ಏನು ಹಾಳಾದರೂ ನಿನ್ನನ್ನು ಕೇಳುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವನು ತೆರೆದೇ ತೆರೆಯುತ್ತಾನೆ. ಅರಣ್ಯ ಇಲಾಖೆಯ ಕಚೇರಿಯ ದೂರವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಇಬ್ಬರು ಬಂದು ಮಲಗುವುದಾದರೆ ಇನ್ನೂ ಉತ್ತಮ, ಎರಡನೆಯವನಿಗೆ ರಾತ್ರಿಯ ಕೂಲಿ ಮಾತ್ರ ಸಾಕು.

ನಂಜನಗೂಡಿನಲ್ಲಿ ಚಿರತೆಯ ಬದಲು ಕಪಿಲೆ. ಸೋದರಿಯ ಮನೆ ಹೊಳೆಯ ಬದಿಯ ತಗ್ಗಿನಲ್ಲಿದ್ದು ಪ್ರಯಾಣ ಜುಲೈ–ಆಗಸ್ಟಿನಲ್ಲಾದರೆ ಎಚ್ಚರ ಬೇಕು. ಕಬಿನಿ ಜಲಾಶಯ ತುಂಬಿ ನೀರು ಬಿಟ್ಟಾಗ ನಂಜನಗೂಡಿನ ತಗ್ಗು ಬೀದಿಗಳಿಗೆ ಹೊಳೆ ನುಗ್ಗುವುದುಂಟು. 2019ರ ಆಗಸ್ಟಿನಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರಿನ ಹೆದ್ದಾರಿಯೇ ಮುಳುಗಿತ್ತು. ನೀರು ಏರಿದರೆ ನಾಯಿಗಳ ಸರಪಳಿ ಬಿಚ್ಚಿ, ಯಾರ ಮನೆಗೆ ಕರೆದೊಯ್ಯಬೇಕೆಂಬುದನ್ನು ಮೊದಲೇ ಗೊತ್ತುಮಾಡಿ, ಆ ಮನೆಯವರ ಒಪ್ಪಿಗೆಯನ್ನೂ ಪಡೆದಿರಬೇಕು. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯ ದಿನಗಳಲ್ಲಿ ಪ್ರಯಾಣ ಇಟ್ಟುಕೊಳ್ಳದಿರುವುದೇ ಮೇಲು. ಐದು ತೇರುಗಳು ಬೀದಿಯಲ್ಲಿ ಸಾಗುವಾಗ ನಿಮ್ಮ ನಾಯಿಯ ಬಳಿ ಕುಳಿತಿರೆಂದು ಆ ಊರಿನವನಿಗೆ ಹೇಳುವುದು ಯಾವ ಸಂಬಳಕ್ಕೂ ನ್ಯಾಯವಲ್ಲ.

ಕಾನೂನಿನ ಮಾತು ಎರಡೇ ಎರಡು. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದಂತೆ ಒಡೆಯನ ಅಪರಾಧ. ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಲ್ಲಿ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸದೆ ಮನೆ ಬಿಟ್ಟು ಹೊರಡಲೇಬಾರದು. ಚೀಟಿಯನ್ನು ಕಾಯುವವನ ಕೈಗೆ ಕೊಡಿ. ಹಾಗಿದ್ದೂ ಕಚ್ಚಿತೆಂದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ಗಾಯ ತೊಳೆದು, ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಚುಚ್ಚುಮದ್ದಾದರೆ ಮೊದಲ ದಿನದ ತರುವಾಯ 3, 7 ಮತ್ತು 28ನೆಯ ದಿನಗಳಲ್ಲಿ ಮತ್ತೆ ಹೋಗಬೇಕಾಗುತ್ತದೆ. ಆ ನಾಲ್ಕು ದಿನಗಳ ಕೂಲಿಯೂ ಬಸ್ಸಿನ ಖರ್ಚೂ ನಿಮ್ಮದು. ಇಪ್ಪತ್ತೆಂಟನೆಯ ದಿನದ ವೇಳೆಗೆ ನೀವು ಊರಿಗೆ ಬಂದು ಆತ ತನ್ನ ಮನೆಗೆ ಹೋಗಿರುತ್ತಾನೆ, ಆಗಲೂ ನಿಮ್ಮದೇ.

ಅಕ್ಕನ ಮಗನೋ ಮೈದುನನೋ ಬಂದು ಇರುತ್ತಾನಲ್ಲ, ಅವನಿಗೇಕೆ ದುಡ್ಡು ಎನ್ನುವವರಿಗೂ ಒಂದು ಮಾತು. ನಂಟರ ಹುಡುಗ ಕೈಯೊಡ್ಡುವುದಿಲ್ಲ, ನಿಜ. ಬರುವಾಗ ಒಂದು ಪೈಜಾಮದ ಬಟ್ಟೆ ತಂದರೆ ಆತ ಸಂತೋಷವನ್ನೂ ನಟಿಸುತ್ತಾನೆ. ಇದೇ ಮೊತ್ತವನ್ನು ಅವನ ಕಾಲೇಜಿನ ಶುಲ್ಕಕ್ಕೆಂದು ಕಟ್ಟಿಬಿಡಿ, ಅಕ್ಕನೂ ಮುನಿಯಳು.

ಮೇಷ್ಟರು ಕಾಗದದ ಕೊನೆಯಲ್ಲಿ, ಕೇಳಲೋ ಬೇಡವೋ ಎಂಬಂತೆ ಸಣ್ಣಕ್ಷರದಲ್ಲಿ, ಮತ್ತೊಂದು ಪ್ರಶ್ನೆ ಹಾಕಿದ್ದಾರೆ: ತಾವು ಕಾಶಿಯಲ್ಲಿರುವಾಗ ಆ ಹದಿಮೂರು ವರ್ಷದ ನಾಯಿ ಕಣ್ಣು ಮುಚ್ಚಿದರೆ ಏನು ಮಾಡತಕ್ಕದ್ದು? ಹೊರಡುವ ಮುನ್ನ ಪಶುವೈದ್ಯರಿಗೆ ಒಮ್ಮೆ ತೋರಿಸಿರಿ. ತೋಟದಲ್ಲಿ ಒಂದು ಜಾಗವನ್ನು ಕಾಯುವವನಿಗೆ ತೋರಿಸಿ, ಆಳವಾಗಿ ತೋಡಿ ಹೂಳಲು ಹೇಳಿರಿ, ಅಗೆಯುವ ಕೂಲಿಯನ್ನು ಎರಡನೆಯ ಲಕೋಟೆಯಲ್ಲಿ ಇಟ್ಟಿರಿ. ಯಾತ್ರೆಯ ನಡುವೆ ಸುದ್ದಿ ತಿಳಿಸಬೇಕೋ ಬಂದ ಮೇಲೆ ಹೇಳಬೇಕೋ ಎಂಬುದನ್ನು ನೀವೇ ಈಗ ನಿರ್ಧರಿಸಿ ಅವನಿಗೆ ತಿಳಿಸಿರಿ. ಆ ಹೊರೆಯನ್ನು ಅವನ ತಲೆಗೆ ಬಿಡಬೇಡಿ. ಮಾತ್ರೆಯ ಅರವತ್ತು ರೂಪಾಯಿಯನ್ನು ಅಂದಿನಿಂದ ಕಡಿಯಬಹುದೆ ಎಂದು ಮೇಷ್ಟರು ಕೇಳಲಾರರೆಂದು ನಂಬಿದ್ದೇನೆ. ಹನ್ನೆರಡು ದಿನಕ್ಕೂ ಎಂಟುನೂರೇ.