ಎರಡು ಪಥ್ಯದ ಬಾಣಂತಿ

ತಿಪಟೂರಿನಲ್ಲಿ ತಂಗಿಯ ಮನೆ. ಅವಳ ಮಗಳು ಚೊಚ್ಚಲ ಬಾಣಂತಿ, ಮಗುವಿಗೆ ಏಳು ವಾರ. ನಾನು ಹೋದ ದಿನ ಮಧ್ಯಾಹ್ನ ಅವಳ ತಟ್ಟೆಯಲ್ಲಿದ್ದದ್ದು ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿಯ ನಾಲ್ಕು ಎಸಳು, ಅಷ್ಟೇ. ಬೇಳೆ ವಾಯು, ಸೊಪ್ಪು ಶೀತ, ಬದನೆಕಾಯಿ ನಂಜು, ಬಾಳೆಹಣ್ಣು ತಿಂದರೆ ಮಗುವಿಗೆ ನೆಗಡಿ ಎಂದು ನಮ್ಮಮ್ಮ ಹೆರಿಗೆಯಾದ ದಿನದಿಂದಲೇ ಬಿಡಿಸಿದ್ದಳು. ಹಿಂದಿನ ವಾರ ಮಗುವಿನ ಕಕ್ಕದಲ್ಲಿ ಲೋಳೆಯ ಜೊತೆ ರಕ್ತದ ಎಳೆ ಕಂಡಿತ್ತು. ಮಕ್ಕಳ ಡಾಕ್ಟರು ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲವನ್ನೂ ನಿಲ್ಲಿಸಲು ಹೇಳಿದ್ದರು. ಎರಡೂ ಪಥ್ಯ ಕಳೆದು ಉಳಿದದ್ದು ಆ ತಟ್ಟೆ.

“ಹಸಿವಾಗುತ್ತೆ ದೊಡ್ಡಮ್ಮ. ರಾತ್ರಿ ಎರಡು ಗಂಟೆಗೆ ಎದ್ದು ಹಾಲು ಕುಡಿಸುವಾಗ ಕೈ ನಡುಗುತ್ತೆ” ಅಂದಳು.

ಮೊದಲು ಡಾಕ್ಟರ ಮಾತನ್ನೇ ತೂಗೋಣ. ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನು, ಅದರಲ್ಲೂ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಎಂಬುದು, ಅತ್ಯಲ್ಪ ಪ್ರಮಾಣದಲ್ಲಿ ಎದೆಹಾಲಿಗೆ ಇಳಿಯುತ್ತದೆ. ಹೆಚ್ಚಿನ ಶಿಶುಗಳಿಗೆ ಅದರಿಂದ ಏನೂ ಆಗುವುದಿಲ್ಲ. ಕೆಲವಕ್ಕೆ ಮಾತ್ರ ಆ ಅಲ್ಪವೇ ಸಾಕು, ಕರುಳು ಕೆರಳುತ್ತದೆ. ತಾಯಿ ಹಾಲು ಬಿಟ್ಟರೆ ಅಂಥ ಮಕ್ಕಳು ಕೆಲವೇ ದಿನಗಳಲ್ಲಿ, ತಡವಾದರೆ ಎರಡರಿಂದ ನಾಲ್ಕು ವಾರದಲ್ಲಿ ಸುಧಾರಿಸುತ್ತವೆ. ಮಗುವಿನ ಬಟ್ಟೆಯಲ್ಲಿ ರಕ್ತ ಕಂಡ ತಾಯಿಗೆ ಇದಕ್ಕಿಂತ ದೊಡ್ಡ ಸಮಾಧಾನ ಯಾವುದಿದೆ? ಎದೆಹಾಲು ನಿಲ್ಲಿಸಬೇಕಿಲ್ಲ, ಮಗುವಿಗೆ ಔಷಧಿ ಬೇಕಿಲ್ಲ. ‘ಇದೇನು ಹೊಸ ಕಾಯಿಲೆ’ ಎಂದು ತಳ್ಳಿಹಾಕುವ ಹಿರಿಯರು ಇದನ್ನು ತಿಳಿಯಬೇಕು.

ಆದರೆ ಈ ತೊಂದರೆ ಎಷ್ಟು ಮಕ್ಕಳಿಗಿದೆ ಎಂದೂ ಕೇಳಬೇಕಲ್ಲ. 1988ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ 1,749 ನವಜಾತ ಶಿಶುಗಳನ್ನು ಗಮನಿಸಿದರು. ಬರೀ ಎದೆಹಾಲು ಕುಡಿಯುತ್ತಿರುವಾಗಲೇ ಹಾಲಿನ ಅಲರ್ಜಿ ಕಾಣಿಸಿಕೊಂಡದ್ದು ಒಂಬತ್ತು ಮಕ್ಕಳಲ್ಲಿ. ಆ ಒಂಬತ್ತಕ್ಕೂ ಹುಟ್ಟಿದ ಮೊದಲ ದಿನಗಳಲ್ಲಿ ಆಸ್ಪತ್ರೆಯಲ್ಲೇ ಡಬ್ಬಿ ಹಾಲು ಕೊಟ್ಟಿದ್ದರು. ಸಿಸೇರಿಯನ್ ಆದ ಕೂಡಲೇ ‘ತಾಯಿಗೆ ಇನ್ನೂ ಹಾಲು ಇಳಿದಿಲ್ಲ’ ಎಂದು ಪುಡಿ ಕಲಸಿ ಕುಡಿಸುವ ನಮ್ಮ ಅವಸರವನ್ನು ನೋಡಿದಾಗಲೆಲ್ಲ ನನಗೆ ಈ ಒಂಬತ್ತು ಮಕ್ಕಳು ನೆನಪಾಗುತ್ತಾರೆ.

ರಕ್ತ ಕಂಡಿತೆಂದರೆ ಅಲರ್ಜಿಯೇ ಎಂದೂ ಅಲ್ಲ. 2006ರಲ್ಲಿ ಫಿನ್‌ಲ್ಯಾಂಡಿನ ವೈದ್ಯರು ಮಲದಲ್ಲಿ ರಕ್ತ ಹೋಗುತ್ತಿದ್ದ 40 ಶಿಶುಗಳನ್ನು ಪರೀಕ್ಷಿಸಿದಾಗ ಹಾಲಿನ ಅಲರ್ಜಿ ಖಚಿತವಾದದ್ದು ನೂರಕ್ಕೆ 18ರಷ್ಟರಲ್ಲಿ ಮಾತ್ರ. ಬಹುಪಾಲು ಮಕ್ಕಳಿಗೆ ಅದು ಬಂದು ಹೋಗುವ ತೊಂದರೆಯಾಗಿತ್ತು. ಇನ್ನು ಬರೀ ಅಳುವಿನ ಕಾರಣಕ್ಕೆ ತಾಯಂದಿರನ್ನು ಪಥ್ಯಕ್ಕೆ ಹಾಕುವುದಂತೂ ನನಗೆ ಒಪ್ಪಿಗೆಯಿಲ್ಲ. ಶಿಶುಗಳ ಅಳು ಆರು ವಾರದ ಹೊತ್ತಿಗೆ ಏರಿ, ಮೂರ್ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ತಾಯಿಯ ಊಟ ಬದಲಿಸಿದರೆ ಅಳು ನಿಲ್ಲುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು 2018ರ ಕಾಕ್ರೇನ್ ಪರಿಶೀಲನೆಯೂ ಹೇಳಿತು. ‘ಲ್ಯಾಕ್ಟೋಸ್ ಆಗಲ್ಲ, ಅದಕ್ಕೇ ನೀನು ಹಾಲು ಬಿಡು’ ಎನ್ನುವವರೂ ಇದ್ದಾರೆ. ಲ್ಯಾಕ್ಟೋಸು ಎದೆಯಲ್ಲೇ ತಯಾರಾಗುವ ಸಕ್ಕರೆ. ತಾಯಿ ಹಾಲು ಕುಡಿದರೂ ಬಿಟ್ಟರೂ ಅದು ಎದೆಹಾಲಿನಲ್ಲಿ ಇದ್ದೇ ಇರುತ್ತದೆ.

ಈಗ ತಾಯಿಯ ಕಡೆಯ ಲೆಕ್ಕ. ಐಸಿಎಂಆರ್ 2020ರಲ್ಲಿ ಹೇಳಿದಂತೆ ಮೊದಲ ಆರು ತಿಂಗಳು ಹಾಲೂಡಿಸುವವಳಿಗೆ ದಿನಕ್ಕೆ 600 ಕಿಲೋಕ್ಯಾಲರಿ ಹೆಚ್ಚಿಗೆ ಬೇಕು, ಪ್ರೋಟೀನು ಸುಮಾರು 17 ಗ್ರಾಂ ಹೆಚ್ಚಿಗೆ ಬೇಕು, ಕ್ಯಾಲ್ಸಿಯಂ ದಿನಕ್ಕೆ 1,200 ಮಿಲಿಗ್ರಾಂ ಬೇಕು. ಅನ್ನ ಸಾರಿನಲ್ಲಿ ಇದು ಹುಟ್ಟುವುದಿಲ್ಲ. ತಾಯಿ ತಿಂದರೂ ತಿನ್ನದಿದ್ದರೂ ಹಾಲಿಗೆ ಕ್ಯಾಲ್ಸಿಯಂ ಹೆಚ್ಚುಕಮ್ಮಿ ಅಷ್ಟೇ ಹೋಗುತ್ತದೆ, ಅದು ಅವಳ ಮೂಳೆಯಿಂದ ಹೋಗುತ್ತದೆ. ಮಗುವಿಗೆ ಎದೆಹಾಲು ಬಿಡಿಸಿದ ಮೇಲೆ ಮೂಳೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ ಎನ್ನುವುದು ಸಮಾಧಾನ. ಬಿ12 ವಿಟಮಿನ್ನಿನ ಕಥೆ ಹಾಗಲ್ಲ. ತಾಯಿಯಲ್ಲಿ ಇಲ್ಲದಿದ್ದರೆ ಅವಳ ಹಾಲಿನಲ್ಲೂ ಇರುವುದಿಲ್ಲ. ಮೊಟ್ಟೆ ಮಾಂಸ ಮುಟ್ಟದ ನಮ್ಮಂಥ ಮನೆಗಳಲ್ಲಿ ಬಿ12 ಬರುವುದೇ ಹಾಲು ಮೊಸರಿನಿಂದ. ಅದನ್ನೂ ನಿಲ್ಲಿಸಿ ಮಾತ್ರೆ ಕೊಡದಿದ್ದರೆ ಮಗು ಮಂಕಾಗಿ, ರಕ್ತ ಕಡಿಮೆಯಾಗಿ, ಕೈಕಾಲು ಅದುರುವ ಮಟ್ಟಕ್ಕೂ ಹೋಗಬಹುದು. ನಮ್ಮ ದೇಶದ ಮಕ್ಕಳ ವೈದ್ಯರಿಗೆ ಇದು ಹಳೆಯ ಪರಿಚಯ. ‘ಹಾಲು ಬಿಡಿ’ ಎಂದು ಚೀಟಿಯಲ್ಲಿ ಬರೆಯುವ ಕೈ ಅದರ ಕೆಳಗೇ ಬಿ12 ಎಂದೂ ಬರೆಯಬೇಕು. ಎರಡನೆಯದಿಲ್ಲದ ಮೊದಲನೆಯದನ್ನು ನಾನು ಅರ್ಧ ಚಿಕಿತ್ಸೆ ಎಂದೇ ಎಣಿಸುತ್ತೇನೆ.

ನಮ್ಮಮ್ಮನ ಪಥ್ಯವನ್ನು ಹಳೇ ಕಾಲದ ಮೂಢನಂಬಿಕೆ ಎಂದು ತೆಗೆದುಹಾಕಲು ನನಗೆ ಮನಸ್ಸಿಲ್ಲ. ಬಿಸಿ ನೀರು, ಎಣ್ಣೆ ಸ್ನಾನ, ಕೆಲಸ ಮುಟ್ಟದ ತಿಂಗಳುಗಳು, ಒಲೆಯಿಂದ ಆಗಷ್ಟೇ ಇಳಿಸಿದ ಊಟ, ಇವೆಲ್ಲ ಆ ಪಥ್ಯದೊಳಗೇ ಇವೆ. ಅದರ ನಡುಗಂಬ ತುಪ್ಪ. ಅಂಟಿನುಂಡೆ, ಬಾಣಂತಿ ಲೇಹ್ಯ, ಅನ್ನದ ಮೇಲಿನ ಸೌಟು ತುಪ್ಪ, ಇವಿದ್ದುದರಿಂದಲೇ ಬೇಳೆ ಸೊಪ್ಪು ಬಿಟ್ಟ ಬಾಣಂತಿಯೂ ಹೇಗೋ ನಿಭಾಯಿಸುತ್ತಿದ್ದಳು. ಡಾಕ್ಟರು ಆ ಕಂಬ ಕಿತ್ತರು. ಕಿತ್ತದ್ದು ತಪ್ಪಲ್ಲ, ಕಾಯಿಸಿದ ತುಪ್ಪದಲ್ಲೂ ಹಾಲಿನ ಪ್ರೋಟೀನು ಚೂರು ಉಳಿದಿರಬಹುದು. ಆದರೆ ಕಂಬ ಹೋದ ಮೇಲೆ ಅಜ್ಜಿಯ ‘ಬೇಡ’ಗಳಷ್ಟೇ ಉಳಿದವು. ಬೇಳೆಯ ವಾಯು ತಾಯಿಯ ಹೊಟ್ಟೆಯಲ್ಲಿ ಆಗುವುದು, ಅದು ರಕ್ತಕ್ಕಿಳಿದು ಎದೆಹಾಲಿಗೆ ಬರುವಂಥದ್ದಲ್ಲ. ಹಾಗಾಗಿ ಎರಡರಲ್ಲಿ ಒಂದು ಪಥ್ಯ ಸಡಿಲವಾಗಲೇಬೇಕಿತ್ತು. ಯಾವುದೆಂದು ಅಮ್ಮನಿಗೆ ಹೇಳುವುದು ನನಗೆ ಸುಲಭವಾಗಲಿಲ್ಲ.

ಎರಡು ದಿನ ಮಾತಾಡಿ ಅವಳನ್ನು ಒಪ್ಪಿಸಿದ್ದು ರಾಗಿಯಿಂದ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನಲ್ಲಿ 120. ರಾಗಿಯದ್ದು ಮೈಗೆ ಹತ್ತುವುದು ಹಾಲಿನದಕ್ಕಿಂತ ಕಡಿಮೆ, ನಿಜ, ಮೊಳಕೆ ಬರಿಸಿದರೆ ತುಸು ಹೆಚ್ಚುತ್ತದೆ. ಮುದ್ದೆಗೆ ಹುರುಳಿಕಾಳಿನ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ, ಬೆಳಿಗ್ಗೆ ದೋಸೆಗೆ ಎಳ್ಳು ಬೆಲ್ಲದ ಪುಡಿ. ತುಪ್ಪದ ಜಾಗಕ್ಕೆ ಊರಿನದೇ ಕೊಬ್ಬರಿ ಎಣ್ಣೆ ಬಂತು, ಅಂಟಿನುಂಡೆಯೂ ಅದರಲ್ಲೇ ಆಯಿತು. ತೆಂಗಿನ ಕಾಯಿಹಾಲು ರುಚಿಗೆ ಒಳ್ಳೆಯದು. ಆದರೆ ಹೆಸರಿನಲ್ಲಿ ಹಾಲಿದೆಯೆಂದು ಹಸುವಿನ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಅದರಲ್ಲಿ ಇರುವುದಿಲ್ಲ. ಮೇಕೆ ಹಾಲು, ಎಮ್ಮೆ ಹಾಲು ಬದಲಿಯಾಗುವುದಿಲ್ಲ, ಪ್ರೋಟೀನು ಹೆಚ್ಚುಕಡಿಮೆ ಒಂದೇ ಜಾತಿಯದು. ಬ್ರೆಡ್ಡು, ಬಿಸ್ಕತ್ತಿನ ಪೊಟ್ಟಣದ ಹಿಂಬದಿ ಓದಬೇಕು. ಹಾಲು ಇದ್ದರೆ ಅಲರ್ಜಿಯ ಸಾಲಿನಲ್ಲಿ ನಮೂದಿಸಬೇಕೆಂದು ನಿಯಮವಿದೆ. ಸರ್ಕಾರಿ ಆರೋಗ್ಯ ಕೇಂದ್ರದಿಂದ ಹೆರಿಗೆಯ ನಂತರ ಆರು ತಿಂಗಳು ಕೊಡುವ ಕ್ಯಾಲ್ಸಿಯಂ ಮಾತ್ರೆ ಕಪಾಟಿನಲ್ಲಿ ಹಾಗೇ ಇತ್ತು, ಅದನ್ನೂ ತೆಗೆಸಿದೆ.

ಕಡಲೆಕಾಯಿ ಬೇಡವೇ ಎಂದು ತಂಗಿ ಕೇಳಿದಳು. ಬೇಕು. ಅಲರ್ಜಿಯ ಮನೆತನದ ತಾಯಂದಿರು ಹಾಲೂಡಿಸುವಾಗ ಕಡಲೆಕಾಯಿ ಬಿಡಲಿ ಎಂದು 2000ದಲ್ಲಿ ಹೇಳಿದ್ದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ, ಆಧಾರ ಸಾಲದೆಂದು 2008ರಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಮುನ್ನೆಚ್ಚರಿಕೆಗೆಂದು ಒಂದೊಂದನ್ನೇ ಬಿಡುತ್ತಾ ಹೋದರೆ ಕೊನೆ ಎಲ್ಲಿ?

ಹೆಚ್ಚಿನ ಮನೆಗಳಲ್ಲಿ ತಪ್ಪಿಹೋಗುವ ಕೆಲಸ ಇನ್ನೊಂದಿದೆ. ಬಿಟ್ಟದ್ದನ್ನು ಮತ್ತೆ ತಿಂದು ನೋಡುವುದು. ‘ಹೇಗೋ ನಿಂತಿದೆ, ಮತ್ತೆ ಯಾಕೆ ಕೆದಕೋದು’ ಎಂಬ ಭಯ ನನಗೆ ಅರ್ಥವಾಗುತ್ತದೆ. ರಕ್ತ ಕಂಡವಳು ನಾನಲ್ಲ. ಆದರೆ ಮರಳಿ ತಿನ್ನದೆ, ನಿಂತದ್ದು ಹಾಲು ಬಿಟ್ಟದ್ದಕ್ಕೋ ತಾನಾಗಿಯೋ ಗೊತ್ತಾಗುವುದಿಲ್ಲ. ಗೊತ್ತಾಗದೆ ಒಬ್ಬಳು ವರ್ಷಗಟ್ಟಲೆ ಪಥ್ಯ ಮಾಡಬೇಕಾಗುತ್ತದೆ. ಮೈಮೇಲೆ ದದ್ದು ಎದ್ದ, ಒಂದೇ ಸಮನೆ ವಾಂತಿಯಾದ, ಉಸಿರು ಕಟ್ಟಿದ ಮಕ್ಕಳ ವಿಷಯದಲ್ಲಿ ಮಾತ್ರ ಈ ಪರೀಕ್ಷೆ ಮನೆಯಲ್ಲಿ ಕೂಡದು, ಡಾಕ್ಟರ ಎದುರಿಗೇ ಆಗಬೇಕು.

ಇಷ್ಟೆಲ್ಲ ಮಾಡಿಯೂ ಒಬ್ಬ ತಾಯಿ ಸೋತು, ಎದೆಹಾಲು ನಿಲ್ಲಿಸುತ್ತೇನೆ ಎಂದರೆ ಅವಳನ್ನು ದೂರಲಾರೆ. ಅಂಗಡಿಯ ಸಾಮಾನ್ಯ ಡಬ್ಬಿ ಹಾಲು ಹಸುವಿನ ಹಾಲಿನದೇ ಎಂಬುದೊಂದು ಅವಳಿಗೆ ತಿಳಿದಿರಲಿ. ಅಲರ್ಜಿಯ ಮಗುವಿಗೆ ಬೇಕಾದ, ಪ್ರೋಟೀನು ಒಡೆದ ಹಾಲಿನಪುಡಿಯ ಬೆಲೆ ಎಲ್ಲರ ಕೈಗೂ ಎಟಕುವಂಥದ್ದಲ್ಲ.

ನಮ್ಮ ಮಗುವಿಗೆ ಹತ್ತನೆಯ ದಿನ ರಕ್ತ ನಿಂತಿತು. ನಾಲ್ಕನೆಯ ವಾರ ಡಾಕ್ಟರನ್ನು ಕೇಳಿ ಅವಳು ದಿನಕ್ಕೆ ಅರ್ಧ ಲೋಟ ಹಾಲು ಕುಡಿದಳು. ಮೂರನೆಯ ದಿನ ಎಳೆ ಮತ್ತೆ ಕಂಡಿತು. ಹಾಗಾದರೆ ಹಾಲೇ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಹಾಲು ಒಗ್ಗುತ್ತದೆ, ಆಗ ಮತ್ತೆ ನೋಡೋಣ ಎಂದರು ಡಾಕ್ಟರು. ಅವಳು ಅತ್ತಳು. ಆಮೇಲೆ ಎದ್ದು ಕೈ ತೊಳೆದು ಕೂತಳು. ನಮ್ಮಮ್ಮ ಮುದ್ದೆ ಬಡಿಸಿ ಮೇಲೆ ಬಿಸಿ ಬಸ್ಸಾರು ಹುಯ್ದಳು, ಎರಡನೇ ಸಲ ಕಾಳನ್ನೇ ಹುಡುಕಿ ಹಾಕಿದಳು.

“ವರ್ಷ ಅಂದ್ರೆ ಶಿವರಾತ್ರಿ ಹೊತ್ತಿಗೆ ತಾನೆ?” ಎಂದು ಬೆರಳು ಮಡಚಿ ಎಣಿಸಿದಳು. “ಅಷ್ಟೊತ್ತಿಗೆ ಹೊಸ ತುಪ್ಪ ಕಾಯಿಸಿಡ್ತೀನಿ ಬಿಡು.”