ಬಾಡಿಗೆಯ ಖಡ್ಗ

ಗುಟ್ಟಾದ ಅಖಾಡಗಳಲ್ಲಿ ನಡೆಯುವ ಕಾಳಗದ ಚಿತ್ರಗಳೆಂದರೆ ನಮ್ಮ ತರುಣರಿಗೆ ನೆನಪಾಗುವುದು ಹಾಂಗ್‌ಕಾಂಗಿನ ರಹಸ್ಯ ಪಂದ್ಯದ ‘ಬ್ಲಡ್‌ಸ್ಪೋರ್ಟ್’ (1988), ಇಲ್ಲವೇ ನೆಲಮಾಳಿಗೆಯ ‘ಫೈಟ್ ಕ್ಲಬ್’ (1999). ಕಾದಾಟವನ್ನೇ ಕೂಲಿಯಾಗಿ ಮಾಡುವವನ ಪಾಡನ್ನು ಇವುಗಳಿಗಿಂತ ಮೊದಲೇ ಕನ್ನಡ ತೆರೆಗೆ ತಂದಿತ್ತು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರಕ್ಕೆ ಆ ಲೆಕ್ಕದಲ್ಲಿ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲವೆಂದೇ ನಾವು ಭಾವಿಸುತ್ತೇವೆ.

ಪ್ರಶಸ್ತಿಗಳು ಬರಲಿಲ್ಲವೆಂದಲ್ಲ. ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ನಾಯಕನಾಗಿ ಮೊದಲ ಬಾರಿಗೆ ತೆರೆಗೆ ಬಂದ ಶಂಕರನಾಗ್ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟರೆಂಬ ಗೌರವ ದೊರೆಯಿತು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಆಟೋಗಳ ಬೆನ್ನಿನ ಮೇಲೆ ಇಂದಿಗೂ ನಗುವ ‘ಆಟೋರಾಜ’. ವಿಮರ್ಶಕರಿಗಾದರೋ ಈ ಚಿತ್ರ ಕುರೊಸಾವಾಗೆ ಸಲ್ಲಿಸಿದ ಕಾಣಿಕೆ ಮಾತ್ರ. ಅಲ್ಲಿಗೆ ಮಾತು ಮುಗಿದುಬಿಡುತ್ತದೆ.

ಹೊಯ್ಸಳರ ಕಾಲ. ದಾಯಾದಿ ಜಗಳದಲ್ಲಿ ಬೆಂದ ಇಬ್ಬರು ಸಾಮಂತ ಸಹೋದರರು. ಒಬ್ಬನ ಪಾಳಯಕ್ಕೆ ಬಾಡಿಗೆ ಸೈನಿಕನಾಗಿ ಬರುವ ಗಂಡುಗಲಿ. ಎದುರು ಪಾಳಯದಲ್ಲಿ ಪೆರ್ಮಾಡಿ. ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸು ತೋರುವ ಘನತೆಯನ್ನು ಕುರಿತೇ ಬೇರೊಂದು ಲೇಖನ ಬರೆಯಬಹುದು. ಕೇರಳದ ಕಳರಿಪಯಟ್ಟಿನ ವರಸೆಗಳನ್ನು ಕಾರ್ನಾಡರು ಇಲ್ಲಿ ಬಳಸಿದ್ದು ಅಲಂಕಾರಕ್ಕಲ್ಲ. ಬಗ್ಗುವ ಮಂಡಿ, ನೆಲಕ್ಕೆ ಹತ್ತಿದ ಅಂಗಾಲು, ಗುರಾಣಿಯ ಹಿಂದಿನ ಕಣ್ಣು: ಕಾಳಗವೆಂಬುದು ಕಲಿತ ಕಸುಬು, ವರ್ಷಗಳ ದುಡಿಮೆಯೆಂಬುದು ಅಲ್ಲಿ ಕಾಣುತ್ತದೆ. ಈ ಕಸುಬಿನಲ್ಲಿ ಇಬ್ಬರೂ ಸಮಾನರು, ಆದ್ದರಿಂದಲೇ ಒಬ್ಬರನ್ನೊಬ್ಬರು ಬಲ್ಲರು. ಅವರನ್ನು ಬಳಸಿಕೊಂಡ ಒಡೆಯರಿಗೆ ಮಾತ್ರ ಆ ಅರಿವಿಲ್ಲ. ಕೊನೆಗೆ ಅವಮಾನಿತರಾದ ಎದುರಾಳಿಗಳೇ ಕೈಜೋಡಿಸುತ್ತಾರೆ. ಕುರೊಸಾವಾನ ‘ಯೋಜಿಂಬೊ’ (1961) ಚಿತ್ರದ ಕತ್ತಿವೀರ ಎರಡು ಬಣಗಳನ್ನೂ ಆಡಿಸುವ ಜಾಣ. ಗಂಡುಗಲಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಕೂಲಿಯವನು.

ಜೀಡಿಮೆಟ್ಲಾದಲ್ಲಿ ನೆಲೆಸಿರುವ ನಮಗೆ ಈ ವ್ಯತ್ಯಾಸ ಪುಸ್ತಕದ ಮಾತಲ್ಲ. ಔಷಧ, ರಾಸಾಯನಿಕ ಕಾರ್ಖಾನೆಗಳ ಈ ಊರಿನಲ್ಲಿ ಬೆಳಗಾದರೆ ‘ಅಡ್ಡಾ’ದಲ್ಲಿ ನಿಂತ ಆಳುಗಳನ್ನು ಗುತ್ತಿಗೆದಾರ ತೋಳು ನೋಡಿ ಆರಿಸುತ್ತಾನೆ. ಬೀದರಿನವನು, ಒಡಿಶಾದವನು, ಬಿಹಾರದವನು ಒಂದೇ ಕೆಲಸಕ್ಕೆ ಪೈಪೋಟಿಗೆ ನಿಲ್ಲುತ್ತಾರೆ. ಕೂಲಿ ಇಳಿಯುವುದು ಆ ಪೈಪೋಟಿಯಿಂದಲೇ.

ಇನ್ನೊಂದು ನೆನಪೂ ಇದೆ. 2015ರ ಮೇ ತಿಂಗಳಿನಲ್ಲಿ ಇದೇ ಹೈದರಾಬಾದಿನ ಹಳೆಯ ನಗರದಲ್ಲಿ ಗೆಳೆಯರು ಏರ್ಪಡಿಸಿಕೊಂಡ ಬೀದಿ ಕಾಳಗದಲ್ಲಿ ಹದಿಹರೆಯದ ಹುಡುಗನೊಬ್ಬ ಪ್ರಾಣ ಬಿಟ್ಟ. ಸುತ್ತ ನಿಂತವರು ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು. ಸಿನಿಮಾವನ್ನು ದೂರುವುದು ಸುಲಭ, ನಾವು ದೂರುತ್ತಿಲ್ಲ. ಆದರೆ ರಹಸ್ಯ ಪಂದ್ಯದ ಚಿತ್ರಗಳು ಪ್ರೇಕ್ಷಕನನ್ನು ಕೇಕೆ ಹಾಕುವ ಗುಂಪಿನಲ್ಲೇ ಕೂರಿಸುತ್ತವೆ. ಯಾರು ಗೆದ್ದರು ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಕಾರ್ನಾಡರ ಚಿತ್ರ ಕೇಳಿಸುವ ಪ್ರಶ್ನೆ ಬೇರೆ: ಇವರಿಬ್ಬರೂ ಯಾರಿಗಾಗಿ ಹೊಡೆದಾಡುತ್ತಿದ್ದಾರೆ?

ನವೆಂಬರು ಬಂದರೆ ಹೊರನಾಡಿನ ಕನ್ನಡ ಸಂಘಗಳಿಗೆ ವಾದ್ಯಗೋಷ್ಠಿಯ ಚಿಂತೆ. ಈ ಸಲ ಒಂದು ಸಂಜೆಯನ್ನಾದರೂ ಈ ಚಿತ್ರಕ್ಕೆ ಮೀಸಲಿಡಲಿ. ಪಾಳಿ ಮುಗಿಸಿ ಬರುವ ಹುಡುಗರಿಗೂ ಮುಂದಿನ ಸಾಲಿನಲ್ಲಿ ಜಾಗವಿರಲಿ.