ಬಿಸಾಡುವ ರಕ್ತಕ್ಕೆ ಕಾನೂನಿದೆ, ಪರೀಕ್ಷೆಗೆ ಹೋಗುವ ರಕ್ತಕ್ಕೆ ಯಾಕಿಲ್ಲ?

ಬೆಳಿಗ್ಗೆ ಹತ್ತು ಗಂಟೆಗೆ ಪೀಣ್ಯದ ಜಾಲಹಳ್ಳಿ ಕ್ರಾಸ್‌ನಲ್ಲೋ, ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಸಿಗ್ನಲ್‌ನಲ್ಲೋ, ಬೊಮ್ಮಸಂದ್ರದ ಹೊಸೂರು ರಸ್ತೆಯಲ್ಲೋ ನಿಂತು ನೋಡಿ. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗರ ಬೈಕುಗಳು ಸಾಲುಸಾಲಾಗಿ ಹೋಗುತ್ತಿರುತ್ತವೆ. ಒಂದು ಚೀಲದಲ್ಲಿ ಬಿರಿಯಾನಿ, ಇನ್ನೊಂದರಲ್ಲಿ ತರಕಾರಿ, ಮತ್ತೊಂದರಲ್ಲಿ ಯಾರದೋ ರಕ್ತ, ಮೂತ್ರ, ಕಫ. ಎಷ್ಟೋ ಸಲ ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ಗೊತ್ತೇ ಆಗುವುದಿಲ್ಲ.

ಇದು ಬೆಂಗಳೂರಿನವರ ತಲೆನೋವು, ನಮಗೇನು ಎನ್ನಬೇಡಿ. ಮಾಲೂರು, ಹೊಸಕೋಟೆ, ಆನೇಕಲ್, ನೆಲಮಂಗಲದ ಕಡೆ ‘ಲ್ಯಾಬ್’ ಎಂದು ಬೋರ್ಡ್ ಹಾಕಿಕೊಂಡ ಎಷ್ಟೋ ಅಂಗಡಿಗಳು ರಕ್ತ ತೆಗೆದುಕೊಳ್ಳುವ ಜಾಗಗಳಷ್ಟೇ. ಪರೀಕ್ಷೆ ನಡೆಯುವುದು ನಗರದ ದೊಡ್ಡ ಲ್ಯಾಬಿನಲ್ಲಿ. ನಡುವಿನ ದಾರಿಯಲ್ಲಿ ಟ್ರಾಫಿಕ್ಕು, ಗುಂಡಿ, ಬಿಸಿಲು, ಮಳೆ. ಚೀಲ ಹೊರುವ ಹುಡುಗರಲ್ಲಿ ನಮ್ಮ ಹಳ್ಳಿಗಳಿಂದ ಕೆಲಸ ಹುಡುಕಿ ಹೋದವರು ಬಹಳ. ರಕ್ತವೂ ನಮ್ಮದು, ಅದನ್ನು ಹೊರುವವರೂ ನಮ್ಮವರು.

ಈಗ ಕಾನೂನು ನೋಡೋಣ. ಆಸ್ಪತ್ರೆ ಮತ್ತು ಲ್ಯಾಬ್‌ಗಳ ಕಸಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ಕಸದ ಚೀಲಕ್ಕೆ ಬಾರ್‌ಕೋಡ್ ಬೇಕು. ಸಾಗಿಸುವ ವಾಹನಕ್ಕೆ ಅನುಮತಿ ಬೇಕು, ಅದರ ಮೇಲೆ ಅಪಾಯದ ಗುರುತು ಬೇಕು. ಆ ಕಸ ಮುಟ್ಟುವ ಕೆಲಸಗಾರರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಅವಘಡವಾದರೆ ವರದಿ ಕೊಡಬೇಕು. ಇದೆಲ್ಲ ಸರಿಯಾಗಿಯೇ ಇದೆ.

ಆದರೆ ಅದೇ ರಕ್ತ ಪರೀಕ್ಷೆಗೆ ಹೋಗುವಾಗ? ಅದಿನ್ನೂ ಕಸವಲ್ಲ, ಆದ್ದರಿಂದ ಈ ನಿಯಮ ಅದಕ್ಕಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅಪಾಯಕಾರಿ ಸರಕಿನ ಬಗ್ಗೆ ಒಂದು ಭಾಗವಿದೆ. ಅದು ಸರಕು ಸಾಗಿಸುವ ಲಾರಿ, ಟೆಂಪೋಗಳಿಗೆ ಬರೆದದ್ದು. ಬೈಕ್ ಸವಾರನ ಬೆನ್ನಿನ ಚೀಲವನ್ನು ಕಣ್ಣಲ್ಲಿಟ್ಟುಕೊಂಡು ಬರೆದದ್ದಲ್ಲ. ಎನ್‌ಎಬಿಎಲ್ ಮಾನ್ಯತೆ ಪಡೆದ ಲ್ಯಾಬ್‌ಗಳು ಸಾಗಣೆಯ ಸಮಯ ಮತ್ತು ತಾಪಮಾನಕ್ಕೆ ಕ್ರಮ ಇಟ್ಟುಕೊಳ್ಳಬೇಕು, ಇಟ್ಟುಕೊಂಡವರೂ ಇದ್ದಾರೆ. ಆದರೆ ಆ ಮಾನ್ಯತೆ ಪಡೆಯಲೇಬೇಕೆಂಬ ಕಡ್ಡಾಯವಿಲ್ಲ.

ಹಾಗೆಂದು ಸುರಕ್ಷಿತ ಸಾಗಣೆ ಯಾರಿಗೂ ಗೊತ್ತಿಲ್ಲದ ವಿದ್ಯೆಯೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮೂರು ಪದರದ ಪ್ಯಾಕಿಂಗ್ ಹೇಳುತ್ತದೆ. ಮೊದಲನೆಯದು ಸೋರದ ಟ್ಯೂಬ್ ಅಥವಾ ಡಬ್ಬಿ. ಅದರ ಸುತ್ತ, ಒಡೆದರೆ ಪೂರ್ತಿ ಹೀರಿಕೊಳ್ಳುವಷ್ಟು ಹತ್ತಿ ಅಥವಾ ಕಾಗದ. ಎರಡನೆಯದು ಸೋರದ ಇನ್ನೊಂದು ಡಬ್ಬಿ. ಮೂರನೆಯದು ಗಟ್ಟಿ ಹೊರಪೆಟ್ಟಿಗೆ. ರೋಗಿಯ ಹೆಸರಿನ ಚೀಟಿಯನ್ನು ಟ್ಯೂಬಿಗೆ ಸುತ್ತುವಂತಿಲ್ಲ, ಎರಡನೆಯ ಡಬ್ಬಿಯ ಹೊರಗಿಡಬೇಕು. ರೋಗಾಣು ಇರಬಹುದಾದ ಸ್ಯಾಂಪಲ್ ಆದರೆ ಹೊರಪೆಟ್ಟಿಗೆಯ ಮೇಲೆ ಯುಎನ್ 3373 ಎಂಬ ಗುರುತು ಇರಬೇಕು. ಆ ಪ್ಯಾಕಿಂಗು 1.2 ಮೀಟರ್, ಅಂದರೆ ಸುಮಾರು ನಾಲ್ಕು ಅಡಿ ಎತ್ತರದಿಂದ ಬಿದ್ದರೂ ಒಳಗಿನದು ಸೋರಬಾರದು. ಬೈಕಿನಲ್ಲಿ ಕೂತವನ ಬೆನ್ನಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ!

2020ರಲ್ಲಿ ಕೊರೊನಾ ಬಂದಾಗ ಐಸಿಎಂಆರ್ ಕೂಡ ಗಂಟಲು ದ್ರವಕ್ಕೆ ಮೂರು ಪದರ, ಜೊತೆಗೆ ತಣ್ಣನೆಯ ಪೆಟ್ಟಿಗೆ ಎಂದೇ ಹೇಳಿತು. ಸ್ಯಾಂಪಲ್ ವಿಮಾನ ಹತ್ತಬೇಕಾದರೆ ಇಂದಿಗೂ ಈ ಪ್ಯಾಕಿಂಗ್ ಇಲ್ಲದೆ ನಡೆಯುವುದಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೇಕಾದ ಪೆಟ್ಟಿಗೆ ಕಾಡುಗೋಡಿಯ ರಸ್ತೆಯಲ್ಲಿ ಯಾಕೆ ಬೇಡ? ವಿಮಾನದಲ್ಲಿ ಕೂತವರ ಜೀವ ಮಾತ್ರ ಜೀವವೇ?

ಚೆಲ್ಲುವುದು ಒಂದು ಅಪಾಯ. ಚೆಲ್ಲದೆ ಕೆಡುವುದು ಇನ್ನೊಂದು. ಟ್ಯೂಬಿನೊಳಗಿನ ರಕ್ತಕಣಗಳು ಜೀವಂತ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕಣ ಬೇರ್ಪಡಿಸದೆ ಹೊರಗಿಟ್ಟರೆ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಬೂದು ಮುಚ್ಚಳದ ಟ್ಯೂಬಿನಲ್ಲಿರುವ ಔಷಧಿ ಇದನ್ನು ತಡೆಯುತ್ತದೆ, ಆದರೆ ಮೊದಲ ಒಂದೆರಡು ಗಂಟೆ ಪೂರ್ತಿಯಾಗಿ ಅಲ್ಲ. ಬರಿಹೊಟ್ಟೆಯಲ್ಲಿ 126 ಇದ್ದರೆ ಸಕ್ಕರೆ ಕಾಯಿಲೆಯ ಗೆರೆ. 130 ಇದ್ದವರ ರಕ್ತ ಸಾದಾ ಟ್ಯೂಬಿನಲ್ಲಿ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ 120ರ ಒಳಗೆ ಬಂದುಬಿಡಬಹುದು. ವರದಿ ನೋಡಿ ‘ಕಾಯಿಲೆ ಇಲ್ಲ’ ಎಂದು ಮನೆಗೆ ಹೋಗುತ್ತಾರೆ.

ಗುಂಡಿಯಲ್ಲಿ ಕುಲುಕಿ ರಕ್ತಕಣ ಒಡೆದರೆ ಪೊಟ್ಯಾಸಿಯಂ ಸುಳ್ಳುಸುಳ್ಳೇ ಏರುತ್ತದೆ. ಕಿಡ್ನಿ ಕಾಯಿಲೆಯವರ ಮನೆಯಲ್ಲಿ ಆ ಒಂದು ಅಂಕಿ ಎಂಥ ಗಾಬರಿ ತರುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು. ಸೋಂಕು ನೋಡಲು ಕೊಟ್ಟ ಮೂತ್ರ, ವಿಶೇಷ ಟ್ಯೂಬಿನಲ್ಲಿ ಇಲ್ಲದಿದ್ದರೆ, ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು ಅಥವಾ ತಣ್ಣಗಿರಬೇಕು. ಸೋಂಕಿಗೆಂದು ಕಲ್ಚರ್ ಬಾಟಲಿಗೆ ತೆಗೆದ ರಕ್ತವನ್ನು ಮಾತ್ರ ತಣ್ಣಗಿಡಬಾರದು. ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಮೇಲೊಂದು ಐಸ್ ಪ್ಯಾಕ್ ಇಟ್ಟರೆ ಮುಗಿಯಲಿಲ್ಲ. ಇದನ್ನು ಆ ಹುಡುಗನಿಗೆ ಯಾರಾದರೂ ಹೇಳಿಕೊಡಬೇಕಲ್ಲ?

‘ಇದೆಲ್ಲ ಮಾಡಿದರೆ ಟೆಸ್ಟಿನ ರೇಟು ಏರುತ್ತದೆ, ಬಡವರಿಗೆ ಕಷ್ಟ’ ಎಂಬ ಮಾತು ಬರುತ್ತದೆ. ಗಟ್ಟಿ ಪೆಟ್ಟಿಗೆಯನ್ನು ದಿನಾ ಕೊಳ್ಳಬೇಕಿಲ್ಲ, ಒಂದೇ ಪೆಟ್ಟಿಗೆ ತೊಳೆದು ತಿಂಗಳುಗಟ್ಟಲೆ ಬಳಸಬಹುದು. ತಪ್ಪು ವರದಿ ಬಂದರೆ ಮತ್ತೆ ಟೆಸ್ಟು, ಮತ್ತೆ ಬಸ್ ಚಾರ್ಜು, ಮತ್ತೊಂದು ದಿನದ ಕೂಲಿ ಹೋಯಿತು. ಬಡವರ ಹೆಸರು ಹೇಳಿ ಬಡವರ ಜೇಬಿಗೇ ಕೈ ಹಾಕುವ ಈ ವಾದವನ್ನು ನಾವು ಒಪ್ಪುವುದಿಲ್ಲ.

ರಾಜ್ಯ ಸರ್ಕಾರ ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಖಾಸಗಿ ಲ್ಯಾಬ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಆ ನೋಂದಣಿಯ ಷರತ್ತಿಗೆ ಇವಿಷ್ಟು ಸೇರಿಸಲಿ:

1. ಮೂರು ಪದರದ ಪ್ಯಾಕಿಂಗ್, ಹೊರಗೆ ಗುರುತು ಮತ್ತು ಲ್ಯಾಬಿನ ಫೋನ್ ನಂಬರ್.

2. ರಕ್ತ ತೆಗೆದ ಹೊತ್ತು, ಲ್ಯಾಬ್ ತಲುಪಿದ ಹೊತ್ತು ಎರಡೂ ವರದಿಯಲ್ಲಿ ಇರಬೇಕು.

3. ಸಾಗಿಸುವವರಿಗೆ ತರಬೇತಿ, ಹೆಪಟೈಟಿಸ್ ಬಿ ಲಸಿಕೆ, ಕೈಗವಸು, ಚೆಲ್ಲಿದರೆ ಒರೆಸುವ ಸಾಮಾನು.

4. ಊಟ, ದಿನಸಿ ಒಯ್ಯುವ ಚೀಲದಲ್ಲಿ ಸ್ಯಾಂಪಲ್ ಇಡಕೂಡದು.

5. ದಾರಿಯಲ್ಲಿ ಬಿದ್ದರೆ, ಒಡೆದರೆ ಲಿಖಿತ ವರದಿ. ನಷ್ಟ ಹುಡುಗನ ಸಂಬಳದಲ್ಲಿ ಮುರಿಯಬಾರದು.

ಆ್ಯಪ್ ಮೂಲಕ ದುಡಿಯುವವರಿಗಾಗಿ 2025ರಲ್ಲಿ ರಾಜ್ಯ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ, ಅದರ ಪಟ್ಟಿಯಲ್ಲಿ ಆರೋಗ್ಯ ಸೇವೆಯೂ ಇದೆ. ಕಂಪನಿಗಳಿಂದ ವಸೂಲಾಗುವ ಕಲ್ಯಾಣ ಶುಲ್ಕದ ಲಾಭ ಸ್ಯಾಂಪಲ್ ಹೊರುವವರಿಗೂ ಸಿಗಬೇಕು.

ಸರ್ಕಾರ ಏಳುವ ತನಕ ನಾವು ಕೇಳೋಣ. ಮುಂದಿನ ಸಲ ರಕ್ತ ಕೊಡುವಾಗ ಮೂರೇ ಪ್ರಶ್ನೆ: ಇದು ಎಲ್ಲಿಗೆ ಹೋಗುತ್ತದೆ? ಎಷ್ಟು ಹೊತ್ತಿಗೆ ತಲುಪುತ್ತದೆ? ಯಾವ ಪೆಟ್ಟಿಗೆಯಲ್ಲಿ ಹೋಗುತ್ತದೆ? ಉತ್ತರ ಕೊಡದವರಿಗೆ ರಕ್ತ ಕೊಡಬೇಡಿ, ದುಡ್ಡೂ ಕೊಡಬೇಡಿ. ದೂರಿದ್ದರೆ ಜಿಲ್ಲಾಧಿಕಾರಿ ನೇತೃತ್ವದ ನೋಂದಣಿ ಮತ್ತು ದೂರು ಪರಿಹಾರ ಪ್ರಾಧಿಕಾರಕ್ಕೆ ಬರೆದು ಕೊಡಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.